ತೋಟ ಮಾರಬೇಡಿ ಅಪ್ಪ

ಫಿಲಡೆಲ್ಫಿಯಾ
ನವೆಂಬರ್ 16, ಭಾನುವಾರ

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಅಪ್ಪ, ನಿಮ್ಮ ಕಾಗದ ಗುರುವಾರ ಸಂಜೆ ಬಂತು. ನೀವು ಕಾಗದ ಬರೆಯುವವರೇ ಅಲ್ಲ. ದಿನಾ ಫೋನ್ ಮಾಡ್ತೀವಿ, ಮತ್ತೆ ಕಾಗದ ಯಾಕೆ ಅಂತ ಕವರ್ ಒಡೆಯುವಾಗಲೇ ಎದೆ ಹೊಡೆದುಕೊಂಡಿತು. ಸ್ಪೀಕರ್ ಹಾಕಿ ಎಲ್ಲರ ಮುಂದೆ ಹೇಳೋಕಾಗದ ಮಾತನ್ನು ಬರೆದಿದ್ದೀರಿ ಅಂತ ಎರಡನೇ ಪುಟದಲ್ಲಿ ಗೊತ್ತಾಯ್ತು. ಕೆಳಗಿನ ತೋಟಕ್ಕೆ ಗಿರಾಕಿ ಬಂದಿದ್ದಾರೆ, ಕೊಬ್ಬರಿಗೆ ರೇಟಿರುವಾಗಲೇ ಕೊಟ್ಟರೆ ನಿನ್ನ ಓದಿಗೆ ಆಗುತ್ತೆ ಅಂತ ಬರೆದಿದ್ದೀರಿ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ತೋಟ ಮಾರಬೇಡಿ. ಒಂದು ಗುಂಟೆ ಕೂಡ ಮಾರಬೇಡಿ. ಅಡ್ವಾನ್ಸ್ ತಗೊಂಡಿದ್ದರೆ ನಾಳೆನೇ ವಾಪಸ್ ಕೊಡಿ. ಈ ಕಾಗದ ಅಂಚೆಯಲ್ಲಿ ಬರೋದಕ್ಕೆ ಎರಡು ವಾರವಾದರೂ ಬೇಕು, ಅಷ್ಟು ದಿನ ಕಾಯೋ ವಿಷಯ ಅಲ್ಲ ಇದು. ಅದಕ್ಕೆ ಇವತ್ತೇ ಫೋಟೊ ತೆಗೆದು ರಘುಗೆ ಕಳಿಸುತ್ತೇನೆ. ರಘು, ಅಪ್ಪನ ಕನ್ನಡಕ ಹುಡುಕಿಕೊಟ್ಟು, ಪಕ್ಕದಲ್ಲೇ ಕೂತು ಪೂರ್ತಿ ಓದಿಸು.

ನನ್ನ ಓದಿಗೆ 60 ಲಕ್ಷ ಬೇಕು ಅಂತ ನಿಮಗೆ ಹೇಳಿದ್ದು ಚಿಕ್ಕಪ್ಪ ಅಲ್ವಾ? ಅವರು ಸುಳ್ಳು ಹೇಳಿಲ್ಲ. ಇಲ್ಲಿ ಎರಡು ವರ್ಷದ ಎಂಎ ಮಾಡಿದರೆ ಎಷ್ಟೋ ಕಡೆ ಅಷ್ಟು ಆಗುತ್ತೆ, ಅದಕ್ಕಿಂತ ಜಾಸ್ತಿನೂ ಆಗುತ್ತೆ. ಇಂಗ್ಲೆಂಡಿನಲ್ಲಿ ಒಂದೇ ವರ್ಷದ ಎಂಎಗೆ ಹೊರದೇಶದವರ ಹತ್ತಿರ 25 ಸಾವಿರ ಪೌಂಡಿನ ಮೇಲೆ ತಗೊಳ್ಳೋ ಕಡೆಗಳಿವೆ. ಆದರೆ ನಾನು ಅರ್ಜಿ ಹಾಕುತ್ತಿರುವುದು ಪಿಎಚ್‌ಡಿಗೆ. ಕಲೆಯ ಇತಿಹಾಸದಲ್ಲಿ ಪಿಎಚ್‌ಡಿಗೆ ಸೇರಿಸಿಕೊಂಡರೆ ಇಲ್ಲಿನ ದೊಡ್ಡ ಯೂನಿವರ್ಸಿಟಿಗಳು ಫೀಸು ತಗೊಳ್ಳಲ್ಲ. ಅವರೇ ನಮಗೆ ದುಡ್ಡು ಕೊಡುತ್ತಾರೆ. ಸಾಮಾನ್ಯವಾಗಿ ಐದು ವರ್ಷ, ಆರೋಗ್ಯ ವಿಮೆನೂ ಸೇರಿಸಿ. ವರ್ಷಕ್ಕೆ 30 ಸಾವಿರ ಡಾಲರಿನ ಮೇಲೆ ಕೊಡುವ ಕಡೆಗಳಿವೆ. ಬದಲಿಗೆ ನಾವು ಮೇಷ್ಟರ ಜೊತೆ ಡಿಗ್ರಿ ಓದುವ ಹುಡುಗರಿಗೆ ಪಾಠ ಮಾಡಬೇಕು, ಪೇಪರ್ ತಿದ್ದಬೇಕು. ಓದುವವರಿಗೆ ಸಂಬಳನಾ ಅಂತ ನೀವು ನಂಬಲ್ಲ ಅಂತ ಗೊತ್ತು. ನಾನೂ ಮೊದಲು ನಂಬಿರಲಿಲ್ಲ. ಆದರೆ ಇಲ್ಲಿ ಹಾಗೇ ಇದೆ ಅಪ್ಪ. ಅದಕ್ಕೇ ಸೀಟು ಸಿಗೋದು ಕಷ್ಟ. ಬಹಳ ಕಡೆ ಇಡೀ ವಿಭಾಗಕ್ಕೆ ವರ್ಷಕ್ಕೆ ಹತ್ತು ಜನರನ್ನೂ ತಗೊಳ್ಳಲ್ಲ, ಅದರಲ್ಲೇ ಯೂರೋಪು, ಚೀನಾ, ಇಂಡಿಯಾ ಎಲ್ಲ ಬರಬೇಕು.

ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಹೋದ ವರ್ಷವೂ ಐದು ಕಡೆ ಹಾಕಿದ್ದೆ. ಐದೂ ಕಡೆಯಿಂದ ಆಗಲ್ಲ ಅಂತ ಬಂತು. ಮಾರ್ಚಿನಲ್ಲಿ ಧ್ವನಿ ಯಾಕೆ ಹೀಗಿದೆ ಅಂತ ಅಮ್ಮ ಕೇಳಿದಾಗ ನೆಗಡಿ ಅಂದಿದ್ದೆ. ನೆಗಡಿ ಆಗಿರಲಿಲ್ಲ.

ಯಾಕೆ ಆಗಲಿಲ್ಲ ಅಂತ ನಾನು ಸಂಜೆ ಕ್ಲಾಸಿಗೆ ಹೋಗುವ ಕಡೆ ಒಬ್ಬ ಮೇಡಂ ಕೂರಿಸಿಕೊಂಡು ತಿಳಿಸಿದರು. ಅರ್ಜಿ ಜೊತೆ ನಮ್ಮ ಉದ್ದೇಶ ಏನು ಅಂತ ಎರಡು ಪುಟ ಬರೆಯಬೇಕು. ನಾನು ಚಿಕ್ಕಂದಿನಿಂದ ದೇವಸ್ಥಾನ ಅಂದ್ರೆ ಇಷ್ಟ, ಶಿಲ್ಪ ಅಂದ್ರೆ ಪ್ರಾಣ ಅಂತ ಬರೆದಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು, ಇಷ್ಟ ಎಲ್ಲರಿಗೂ ಇರುತ್ತೆ, ನಿನ್ನ ಪ್ರಶ್ನೆ ಏನು ಅಂದರು. ಯಾವ ಕಟ್ಟಡ, ಯಾವ ವರ್ಷ, ಅದರಲ್ಲಿ ಇನ್ನೂ ಯಾರಿಗೂ ಸರಿಯಾಗಿ ತಿಳಿಯದೇ ಇರೋದು ಏನು, ಅದನ್ನ ನೀನೇ ಯಾಕೆ ಮಾಡಬೇಕು? ಇದಕ್ಕೆ ಉತ್ತರ ಬರೆದುಕೊಂಡು ಬಾ ಅಂದರು. ಮನೆಗೆ ಬರುವ ಬಸ್ಸಿನಲ್ಲೇ ಉತ್ತರ ಹೊಳೆಯಿತು. ಅದು ನಿಮ್ಮಿಂದ ಬಂದಿದ್ದು ಅಪ್ಪ.

ತಿಪಟೂರಿಗೆ ಕೊಬ್ಬರಿ ಹಾಕಿಕೊಂಡು ಹೋಗುವಾಗ ನನ್ನನ್ನೂ ಟೆಂಪೋದಲ್ಲಿ ಕೂರಿಸಿಕೊಳ್ಳುತ್ತಿದ್ರಲ್ಲ, ನುಗ್ಗೇಹಳ್ಳಿಯಲ್ಲಿ ನಿಲ್ಲಿಸಿ ಲಕ್ಷ್ಮೀನರಸಿಂಹನಿಗೆ ಕೈ ಮುಗಿದು ಹೋಗೋದು. ಒಂದು ಸಲ ಹೊರಗಡೆ ಗೋಡೆ ಸುತ್ತುವಾಗ ನೀವು ಒಂದು ಮೂರ್ತಿಯ ಕಾಲ ಕೆಳಗೆ ಕೆತ್ತಿರುವ ಅಕ್ಷರದ ಮೇಲೆ ಬೆರಳಿಟ್ಟು, ಇದು "ಮ" ಅಲ್ವಾ ನೋಡು ಅಂದಿರಿ. ನಾನು ಆಗ ಮೂರನೇ ಕ್ಲಾಸು. ಇಬ್ಬರೂ ಕೂಡಿಸಿ ಕೂಡಿಸಿ ಮಲ್ಲಿತಮ್ಮ ಅಂತ ಓದಿದ್ವಿ. ಇದನ್ನ ಕಡೆದವನ ಹೆಸರು ಕಣಮ್ಮ, ಏಳ್ನೂರೈವತ್ತು ವರ್ಷ ಆದ್ರೂ ಅಳಿಸಿಲ್ಲ ಅಂದಿದ್ರಿ. ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ಆ ಕಲ್ಲಿನ ಬಿಸಿ ಕೂಡ ನೆನಪಿದೆ.

ಆ ಗುಡಿ ಕಟ್ಟಿಸಿದ್ದು 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕ. ಅಲ್ಲಿ ಇಬ್ಬರು ದೊಡ್ಡ ಶಿಲ್ಪಿಗಳು ಕೆಲಸ ಮಾಡಿದ್ದಾರೆ. ಗೋಡೆಯ ಒಂದು ಕಡೆ ಬೈಚೋಜ, ಇನ್ನೊಂದು ಕಡೆ ಮಲ್ಲಿತಮ್ಮ. ಇಬ್ಬರೂ ಹೆಸರು ಹಾಕಿದ್ದಾರೆ. ಒಂದೇ ಗುಡಿ, ಅದೇ ಬಳಪದ ಕಲ್ಲು, ಹೆಚ್ಚು ಕಡಿಮೆ ಅವೇ ದೇವರುಗಳು. ಕೈ ಮಾತ್ರ ಎರಡು. ಇಂಥ ಜಾಗ ಪ್ರಪಂಚದಲ್ಲಿ ಎಷ್ಟಿದೆ ಹೇಳಿ? ಹಳೆ ಕಾಲದ ಶಿಲ್ಪಿಗಳು ಹೆಸರೇ ಹೇಳಿಕೊಳ್ಳುತ್ತಿರಲಿಲ್ಲ ಅಂತ ಜನ ಎಷ್ಟು ಸುಲಭವಾಗಿ ಹೇಳಿಬಿಡ್ತಾರೆ. ನಮ್ಮ ಕಡೆಯವರು ಹೇಳಿಕೊಂಡಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೇಳಿಕೊಂಡಿದ್ದಾರೆ.

ಈಗ ನನ್ನ ಪ್ರಶ್ನೆ ಕೇಳಿ. ಮಲ್ಲಿತಮ್ಮನ ಹೆಸರು ತರೀಕೆರೆ ಹತ್ತಿರದ ಅಮೃತಾಪುರದಲ್ಲೂ ಇದೆ, ಅದು 1196. ನುಗ್ಗೇಹಳ್ಳಿ 1246. ಸೋಮನಾಥಪುರದಲ್ಲಂತೂ ಸುಮಾರು 40 ಮೂರ್ತಿಗಳ ಕೆಳಗೆ ಅವನ ಹೆಸರಿದೆ, ಅದು 1258 ಅಂತ ಕೆಲವರು, 1268 ಅಂತ ಕೆಲವರು ಹೇಳ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ 60 ವರ್ಷದ ಮೇಲಾಯ್ತು. ಒಬ್ಬನೇ ಮನುಷ್ಯ ಇಪ್ಪತ್ತರಲ್ಲಿ ಉಳಿ ಹಿಡಿದು ಎಂಬತ್ತು ದಾಟುವವರೆಗೆ ಕಡೆದನಾ? ಇಲ್ಲಾ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ರಾ, ನಮ್ಮ ಮನೆಗಳಲ್ಲಿ ಇಡೋ ಹಾಗೆ? ಅಥವಾ ಆ ಹೆಸರು ಒಂದು ತಂಡದ ಗುರುತೇ ಆಗಿಬಿಟ್ಟಿತ್ತಾ? ಹೆಸರು ನೋಡಿದರೆ ಸಾಕಾಗಲ್ಲ. ಕೈ ನೋಡಬೇಕು. ಕಿವಿ ಹೇಗೆ ತಿರುವಿದ್ದಾನೆ, ಬೆರಳಿನ ತುದಿ ಹೇಗೆ ಮುಗಿಸಿದ್ದಾನೆ, ಹಾರದ ಮಣಿ ಎಷ್ಟು ಆಳ ಕೊರೆದಿದ್ದಾನೆ. ಮುಖವನ್ನು ಎಲ್ಲರೂ ಗಮನ ಕೊಟ್ಟು ಮಾಡ್ತಾರೆ. ಅಭ್ಯಾಸ ಗೊತ್ತಾಗೋದು ಯಾರೂ ನೋಡದ ಕಡೆ. ಮೊರೆಲ್ಲಿ ಅಂತ ಇಟಲಿಯವರೊಬ್ಬರು 1870ರ ದಶಕದಲ್ಲಿ ಹೀಗೇ ಕಿವಿ, ಉಗುರು ನೋಡಿ ಯಾವ ಚಿತ್ರ ಯಾರು ಬರೆದದ್ದು ಅಂತ ಹೇಳುತ್ತಿದ್ದರು. ಇಟಲಿಯವರಾದರೂ ಅದನ್ನೆಲ್ಲ ಮೊದಲು ಬರೆದಿದ್ದು ಜರ್ಮನ್ ಭಾಷೆಯಲ್ಲಿ.

ಅಮ್ಮ, ರಾತ್ರಿ ಹತ್ತು ಗಂಟೆಗೆ ಯಾವ ಭಾಷೆ ಗೊಣಗುತ್ತಿರ್ತೀಯ ಅಂತ ಕೇಳಿದ್ಯಲ್ಲ, ಅದು ಜರ್ಮನ್. ಕಲೆಯ ಇತಿಹಾಸವನ್ನ ಯೂನಿವರ್ಸಿಟಿಗಳಲ್ಲಿ ದೊಡ್ಡದಾಗಿ ಬೆಳೆಸಿದವರು ಆ ಭಾಷೆಯವರು. ಅದಕ್ಕೆ ಬಹಳ ಕಡೆ ಜರ್ಮನ್ನೋ ಫ್ರೆಂಚೋ ಓದಿ ಅರ್ಥ ಮಾಡಿಕೊಳ್ಳೋಕೆ ಬರಬೇಕು ಅಂತ ಇದೆ. ಇಂಡಿಯಾದ ಮೇಲೆ ಕೆಲಸ ಮಾಡುವವರಿಗೆ ಸಂಸ್ಕೃತ, ಪರ್ಷಿಯನ್ ಹೀಗೆ ಅವರವರ ವಿಷಯದ ಭಾಷೆನೂ ಬೇಕು. ನನಗೆ ಹಳಗನ್ನಡ ಶಾಸನ ಓದೋಕೆ ಬರುತ್ತೆ ಅಂದಾಗ ಆ ಮೇಡಂ ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು. ಇದನ್ನ ಮೊದಲನೇ ಸಾಲಿನಲ್ಲೇ ಬರಿ, ಕೊನೆಯಲ್ಲಿ ಯಾಕೆ ಬಚ್ಚಿಟ್ಟಿದ್ದೀಯ ಅಂದರು. ಅವತ್ತು ನನಗೆ ಆದ ಖುಷಿ ಹೇಳೋಕಾಗಲ್ಲ.

ಇಲ್ಲಿ ಮೇಡಂ ಅನ್ನೋ ಹಾಗೂ ಇಲ್ಲ ಗೊತ್ತಾ, ಹೆಸರು ಹಿಡಿದೇ ಕರೆಯಬೇಕಂತೆ. ಅವರಿಗೆ ಅರವತ್ತೈದು ವರ್ಷ. ನನ್ನ ಬಾಯಿಗೆ ಬರಲ್ಲ, ಸುಮ್ನೆ ಎದುರಿಗೆ ಹೋಗಿ ನಿಂತು ಅವರು ನೋಡೋವರೆಗೆ ಕಾಯ್ತೀನಿ. ಇನ್ನೊಂದು ವಿಚಿತ್ರ ಅಂದ್ರೆ, ನಮ್ಮ ಬಗ್ಗೆ ಮೂರು ಜನ ಪತ್ರ ಕೊಡಬೇಕು, ಆದರೆ ಏನು ಬರೆದರು ಅಂತ ನಾವು ನೋಡೋ ಹಾಗಿಲ್ಲ. ನೇರವಾಗಿ ಯೂನಿವರ್ಸಿಟಿಗೇ ಹೋಗುತ್ತೆ. ಸಂಜೆ ಕ್ಲಾಸಿನ ಇಬ್ಬರು, ಆಫೀಸಿನ ಒಬ್ಬರು ಒಪ್ಪಿದ್ದಾರೆ.

ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಇಲ್ಲಿನ ಮ್ಯೂಸಿಯಂಗೆ ಹೋಗ್ತೀನಿ. ಅವತ್ತು ಟಿಕೆಟ್ಟಿಗೆ ಕೈಲಾದಷ್ಟು ಕೊಟ್ಟರೆ ಸಾಕು. ಒಳಗೆ ಮದುರೈನ ಒಂದು ಇಡೀ ಮಂಟಪ ಇದೆ. ಮದನಗೋಪಾಲಸ್ವಾಮಿ ದೇವಸ್ಥಾನದ ಕಂಬಗಳು. ಇದೇ ಊರಿನ ಆ್ಯಡ್‌ಲೀನ್ ಗಿಬ್ಸನ್ ಅನ್ನುವವರು 1912ರಲ್ಲಿ ಅಲ್ಲಿಗೆ ಹೋದಾಗ ಕೊಂಡುಕೊಂಡಿದ್ದು. 1919ರಲ್ಲಿ ಅವರ ಮನೆಯವರು ಅವರ ನೆನಪಿಗೆ ಮ್ಯೂಸಿಯಂಗೆ ಕೊಟ್ಟರು. ಹೊರಗೆ ಹಿಮ ಬೀಳುತ್ತಿರುತ್ತೆ, ಒಳಗೆ ಮದುರೈ ಕಂಬದ ಪಕ್ಕ ಬೆಂಚಿನ ಮೇಲೆ ಕೂತಿರ್ತೀನಿ. ಒಂದೊಂದು ಸಲ ಸಂತೋಷ ಆಗುತ್ತೆ. ಒಂದೊಂದು ಸಲ ಈ ಕಂಬ ಇಲ್ಲಿರಬಾರದಿತ್ತು ಅನ್ನಿಸಿ ಹೊಟ್ಟೆ ಉರಿಯುತ್ತೆ. ನುಗ್ಗೇಹಳ್ಳಿಯ ಗೋಡೆ ನುಗ್ಗೇಹಳ್ಳಿಯಲ್ಲೇ ಇದೆಯಲ್ಲ ಅಂತ ಆಗ ಸಮಾಧಾನ ಮಾಡಿಕೊಳ್ಳುತ್ತೇನೆ.

ಅಮ್ಮ, ಇಪ್ಪತ್ತೊಂಬತ್ತಕ್ಕೆ ಮತ್ತೆ ಸ್ಕೂಲಾ ಅಂತ ಬೇಜಾರು ಮಾಡಿಕೊಂಡಿದ್ದೀಯ. ಇದೇ ಮ್ಯೂಸಿಯಂನಲ್ಲಿ ಇಂಡಿಯಾದ ಕಲೆಯ ವಿಭಾಗ ನೋಡಿಕೊಳ್ಳುತ್ತಿದ್ದ ಸ್ಟೆಲ್ಲಾ ಕ್ರಾಮ್ರಿಶ್ ಅಂತ ಒಬ್ಬರು ಇದ್ದರು. ವಿಯೆನ್ನಾದಲ್ಲಿ ಓದಿ, ಕಲ್ಕತ್ತಾದಲ್ಲಿ ಎಷ್ಟೋ ವರ್ಷ ಪಾಠ ಮಾಡಿ, ಐವತ್ತು ದಾಟಿದ ಮೇಲೆ ಈ ಊರಿಗೆ ಬಂದು ಹೊಸದಾಗಿ ಶುರು ಮಾಡಿದವರು. 97 ವರ್ಷ ಬದುಕಿದ್ದರು. ನನಗೆ ಲೇಟಾಗಿಲ್ಲ ಅಮ್ಮ. ಅರಸೀಕೆರೆಯವರಿಗೆ ಈಗಲೇ ಇಲ್ಲ ಅಂತ ಹೇಳಿಬಿಡು. ಹುಡುಗ ಒಳ್ಳೆಯವನೇ ಇರಬಹುದು, ಆದರೆ ನನ್ನ ದಾರಿ ನನಗೇ ಗೊತ್ತಾಗದೇ ಇರುವಾಗ ಅವರನ್ನ ಕಾಯಿಸೋದು ತಪ್ಪು.

ದುಡ್ಡಿನ ಲೆಕ್ಕ ಪೂರ್ತಿ ಬರೆಯುತ್ತೇನೆ, ನಿಮಗೆ ನಿದ್ದೆ ಬರಬೇಕಲ್ಲ. ಎಂಟು ಕಡೆ ಹಾಕುತ್ತಿದ್ದೇನೆ. ಒಂದೊಂದಕ್ಕೆ ಹೆಚ್ಚು ಕಡಿಮೆ ನೂರು ಡಾಲರ್ ಅರ್ಜಿ ಫೀಸು. ಅದು ನನ್ನ ಸಂಬಳದಲ್ಲೇ ಆಗುತ್ತೆ. ನನ್ನ ಓದಿನ ಸಾಲ ಹೋದ ವರ್ಷವೇ ತೀರಿದೆ. ರಘು ಕಾಲೇಜಿನ ಇನ್ನೆರಡು ವರ್ಷದ ಫೀಸು ಬೇರೆ ತೆಗೆದಿಟ್ಟಿದ್ದೇನೆ, ಅದನ್ನ ಮುಟ್ಟಲ್ಲ. ಸೀಟು ಸಿಕ್ಕಿದರೆ ಈಗ ತಿಂಗಳಿಗೆ ಕಳಿಸುವ 40 ಸಾವಿರ ಕಳಿಸೋಕಾಗಲ್ಲ. ಹತ್ತು ಸಾವಿರ ಕಳಿಸುತ್ತೇನೆ. ಇದೊಂದು ನಿಜವಾದ ಕಷ್ಟ, ಇದನ್ನ ಮುಚ್ಚಿಡಲ್ಲ. ಇದು ಒಂದೆರಡು ವರ್ಷದ ಮಾತೂ ಅಲ್ಲ, ಮುಗಿಯೋಕೆ ಆರೇಳು ವರ್ಷ ಬೇಕು. ಬೋರ್‌ವೆಲ್ ಸಾಲ ಮುಂದಿನ ಆಗಸ್ಟಿಗೆ ತೀರುತ್ತೆ ಅಂದಿದ್ರಿ, ಕ್ಲಾಸು ಶುರುವಾಗೋದೂ ಆಗಲೇ. ಅದಕ್ಕೇ ಈ ವರ್ಷ ಹಾಕುವ ಧೈರ್ಯ ಮಾಡಿದೆ. ಇದನ್ನ ಓದಿದರೆ ಏನು ಕೆಲಸ ಸಿಗುತ್ತೆ ಅಂತ ದೊಡ್ಡಪ್ಪ ಕೇಳಿದ್ದಾರೆ. ಪಾಠ ಮಾಡಬಹುದು, ಮ್ಯೂಸಿಯಂನಲ್ಲಿ ಕೆಲಸ ಮಾಡಬಹುದು. ಕೆಲಸಗಳು ಕಡಿಮೆ, ಅದೂ ನಿಜ. ಕಂಪ್ಯೂಟರ್ ಕೆಲಸ ನನಗೆ ಮರೆತು ಹೋಗಲ್ಲ ಅಂತ ಹೇಳಿ.

ಯಾರಾದರೂ ಸೀಟು ಕೊಟ್ಟು, ಫೀಸು ನೀನೇ ಕಟ್ಟು ಅಂದರೆ ನಾನು ಹೋಗಲ್ಲ. ಎಷ್ಟೇ ದೊಡ್ಡ ಹೆಸರಿನ ಜಾಗ ಆಗಿರಲಿ. ಅಜ್ಜ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು. ಅವನ್ನ ಕೊಟ್ಟು ಮಲ್ಲಿತಮ್ಮನ ಬಗ್ಗೆ ಓದಿದರೆ ನುಗ್ಗೇಹಳ್ಳಿ ದಾರಿಯಲ್ಲಿ ನಾನು ತಲೆ ಎತ್ತಿ ಹೋಗೋದು ಹೇಗೆ?

ಡಿಸೆಂಬರ್ ಒಂದರಿಂದಲೇ ಕೊನೆ ದಿನಗಳು ಶುರುವಾಗುತ್ತವೆ, ಜನವರಿ ಮೊದಲ ವಾರಕ್ಕೆ ಎಲ್ಲ ಮುಗಿಯುತ್ತೆ. ಉತ್ತರ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಸೀಟು ಸಿಕ್ಕಿದವರು ಏಪ್ರಿಲ್ 15ರೊಳಗೆ ಹೂಂ ಅನ್ನಬೇಕು. ಈ ಸಲ ಏನೇ ಬಂದರೂ ಮುಚ್ಚಿಡಲ್ಲ.

ರಘು, ನಿನಗೊಂದು ಕೆಲಸ. ಅರ್ಜಿ ಜೊತೆ 25 ಪುಟದ ಲೇಖನ ಕಳಿಸಬೇಕು, ನಾನು ಬರೆದಿರುವುದು ಆ ಗೋಡೆ ಮೇಲೇ. ನೀನು ಹೋದ ವರ್ಷ ತೆಗೆದ ಫೋಟೊದಲ್ಲಿ ಮಧ್ಯಾಹ್ನದ ಬಿಸಿಲಿಗೆ ಅಕ್ಷರ ಎಲ್ಲ ಬೆಳ್ಳಗಾಗಿದೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ಹೋಗು. ಬಿಸಿಲು ಅಡ್ಡ ಬಿದ್ದಾಗ ಅಕ್ಷರ ಎದ್ದು ಕಾಣುತ್ತೆ. ಹೆಸರಿರುವ ಪ್ರತಿ ಮೂರ್ತಿಗೆ ಮೂರು ಫೋಟೊ: ಪೂರ್ತಿ ಮೂರ್ತಿ, ಕಿವಿ, ಕೈಬೆರಳು. ಅಜ್ಜಿಯ ಹೊಲಿಗೆ ಟೇಪನ್ನು ಪಕ್ಕದಲ್ಲಿ ಹಿಡಿದು ತೆಗಿ. ಅರ್ಚಕರಿಗೆ ಮೊದಲೇ ಹೇಳಿ ಹೋಗು. ಅಪ್ಪನನ್ನೂ ಕರೆದುಕೊಂಡು ಹೋಗು, ಅಕ್ಷರ ಎಲ್ಲೆಲ್ಲಿದೆ ಅಂತ ಅವರಿಗೆ ಗೊತ್ತು.

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡ್ತೀನಿ, ರಾಗಿ ಹಿಟ್ಟು ಇಲ್ಲೂ ಸಿಗುತ್ತೆ, ವಾರಕ್ಕೆರಡು ದಿನ ಮುದ್ದೆ. ಸ್ವೆಟರ್ ಹಾಕ್ತೀನಿ. ನಿದ್ದೆನೂ ಮಾಡ್ತೀನಿ. ಯಾವ ಚಿಂತೆನೂ ಬೇಡ, ನಿಜವಾಗಲೂ ಬೇಡ. ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ತೋಟದವರಿಗೆ ಏನು ಹೇಳಿದ್ರಿ ಅಂತ ಇವತ್ತು ರಾತ್ರಿನೇ ಫೋನ್ ಮಾಡಿ, ನಾನು ಎದ್ದಿರ್ತೀನಿ. ಬಟ್ಟೆ ಮಷಿನ್ ನಿಂತಿತು, ಕೆಳಗೆ ಇನ್ನೊಬ್ಬರು ಕಾಯ್ತಿದ್ದಾರೆ, ಹೋಗ್ತೀನಿ.

ನಿಮ್ಮ ಮಗಳು,
ಸುಮಾ