ಪ್ರತಿಜ್ಞೆ ಸಾಕು, ಸೂಪರ್‌ವೈಸರ್‌ಗಳಿಗೆ ಕೆಲಸ ಬಿಡಿಸಿ ನೋಡಲು ಕಲಿಸಿ

ಸಂಪಾದಕರಿಗೆ,

ಮಾನ್ಯರೆ,

ಪ್ರತಿವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಮಾಚೇನಹಳ್ಳಿಯಿಂದ ಭದ್ರಾವತಿವರೆಗೆ ಕಾರ್ಖಾನೆಗಳ ಮುಂದೆ ಬಾವುಟ ಏರುತ್ತದೆ, ಪ್ರತಿಜ್ಞೆ ಓದಿಸುತ್ತಾರೆ, ಎದೆಗೆ ಬ್ಯಾಡ್ಜ್ ಚುಚ್ಚುತ್ತಾರೆ, ಘೋಷವಾಕ್ಯ ಬರೆದವರಿಗೆ ಬಹುಮಾನವೂ ಸಿಗುತ್ತದೆ. ವಾರ ಕಳೆದ ಮೇಲೆ ನೋಡಿದರೆ ಲೋಹ ಕರಗಿಸುವ ಫರ್ನೆಸ್‌ಗೆ ಗುಜರಿ ಸುರಿಯುವ ರೀತಿ ಹಾಗೆಯೇ ಇರುತ್ತದೆ, ಗ್ರೈಂಡಿಂಗ್ ಚಕ್ರದ ಮುಂದಿನ ಸಂದಿ ಅಷ್ಟೇ ಅಗಲ ಇರುತ್ತದೆ. ಈ ಕೆಲಸಗಳ ಪಕ್ಕದಲ್ಲಿ ದಿನವಿಡೀ ನಿಲ್ಲುವವನು ಸೂಪರ್‌ವೈಸರ್. ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ, ಯಾವ ಹಂತದಲ್ಲಿ ಯಾರಿಗೆ ಹೇಗೆ ಪೆಟ್ಟಾಗಬಹುದು ಎಂದು ಹುಡುಕುವುದನ್ನು ಅವನಿಗೆ ಕಲಿಸುವ ಏರ್ಪಾಡು ಮಾತ್ರ ಸಣ್ಣ ಘಟಕಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಅವನನ್ನು ದೂರಿ ಪ್ರಯೋಜನವಿಲ್ಲ. ಎರಕ ಹೊಯ್ಯುವ ಫೌಂಡ್ರಿಯಲ್ಲಿ ಒಳ್ಳೆಯ ಮೋಲ್ಡರ್, ಅಂದರೆ ಅಚ್ಚು ಕಟ್ಟುವವನು, ಆದವನು ಮುಂದೆ ಸೂಪರ್‌ವೈಸರ್ ಆಗುತ್ತಾನೆ, ಅಕ್ಕಿ ಗಿರಣಿಯಲ್ಲಿ ಯಂತ್ರದ ಮರ್ಮ ತಿಳಿದವನು ಮೇಸ್ತ್ರಿಯಾಗುತ್ತಾನೆ. ತೊಡಕಿರುವುದೂ ಅಲ್ಲೇ. ಕೈ ಪಳಗಿದಷ್ಟೂ ಅಪಾಯದ ಹಂತ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. 1948ರ ಕಾರ್ಖಾನೆ ಕಾಯ್ದೆ ಸುರಕ್ಷತಾ ಅಧಿಕಾರಿಯನ್ನು ಕೇಳಿದ್ದು ಸಾಮಾನ್ಯವಾಗಿ 1,000 ಕಾರ್ಮಿಕರಿರುವ ಕಡೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ, ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಲ್ಲಿ 250ಕ್ಕೆ ಇಳಿಸಿದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಣ್ಣ ಫೌಂಡ್ರಿ, ಗಿರಣಿ, ಸಾಮಿಲ್‌ಗಳು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂದಮೇಲೆ ಅಲ್ಲಿ ಸೂಪರ್‌ವೈಸರ್ ನೋಡದಿದ್ದರೆ ಇನ್ಯಾರೂ ನೋಡುವವರಿಲ್ಲ.

ಕೆಲಸ ಬಿಡಿಸಿ ನೋಡುವುದು ಎಂದರೇನು ಎಂಬುದಕ್ಕೆ ಕರೆಂಟ್‌ನಿಂದ ಲೋಹ ಕರಗಿಸುವ ಇಂಡಕ್ಷನ್ ಫರ್ನೆಸ್‌ಗೆ ಗುಜರಿ ಹಾಕುವ ಕೆಲಸವನ್ನೇ ತೆಗೆದುಕೊಳ್ಳೋಣ. ಅಂಗಳದ ರಾಶಿಯಿಂದ ಗುಜರಿ ಆರಿಸುವುದು, ಗಾಡಿಗೆ ತುಂಬಿ ಒಳಗೆ ತರುವುದು, ತೂಗುವುದು, ಫರ್ನೆಸ್‌ನ ತಳಕ್ಕೆ ಮೊದಲ ಹೊರೆ ಹಾಕಿ ಕರೆಂಟ್ ಕೊಡುವುದು, ಕರಗಿದ ಲೋಹದ ಮೇಲೆ ಮತ್ತಷ್ಟು ಸೇರಿಸುವುದು, ಸಿಕ್ಕಿಕೊಂಡದ್ದನ್ನು ಸಲಾಕೆಯಿಂದ ತಳ್ಳುವುದು, ಕಿಟ್ಟ ತೆಗೆಯುವುದು: ಏಳು ಹಂತ. ಜನ ಸುಟ್ಟುಕೊಳ್ಳುವುದು ಐದನೆಯದರಲ್ಲಿ. ಒದ್ದೆ ಗುಜರಿ ಕರಗಿದ ಕಬ್ಬಿಣದೊಳಗೆ ಮುಳುಗಿತೆಂದರೆ ಅದರಲ್ಲಿನ ನೀರು ಕ್ಷಣದಲ್ಲಿ ಆವಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಮೇಲಿನ ಲೋಹವನ್ನು ಮಾಡಿನವರೆಗೆ ಎರಚುತ್ತದೆ. ಎರಡೂ ತುದಿ ಮುಚ್ಚಿದ ಪೈಪು, ಬೈಕಿನ ಹಳೆಯ ಶಾಕ್ ಅಬ್ಸಾರ್ಬರ್, ಒಳಗೆ ಎಣ್ಣೆ ಉಳಿದ ಡಬ್ಬಿ ಇವೂ ಹಾಗೆಯೇ ಸಿಡಿಯುತ್ತವೆ. ಆದರೆ ಪರಿಹಾರ ಇರುವುದು ಒಂದನೇ ಹಂತದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ಊರಿನಲ್ಲಿ ಗುಜರಿ ರಾಶಿ ತೆರೆದ ಅಂಗಳದಲ್ಲಿ ಬಿದ್ದಿದೆ ಎಂದರೆ, ಫರ್ನೆಸ್ ಮುಂದೆ ನಿಂತವನು ಎಷ್ಟು ಎಚ್ಚರದಿಂದ ಇದ್ದರೂ ನೀರು ಒಳಗೆ ಹೋಗಿಯೇ ಹೋಗುತ್ತದೆ. ಬೇಕಾದದ್ದು ಅಂಗಳದ ಮೇಲೊಂದು ಮಾಡು (ಚಾವಣಿ), ರಾಶಿ ನೆನೆಯದಂತೆ ನೆಲದಿಂದ ಎತ್ತರಿಸಿದ ಕಟ್ಟೆ, ಮುಚ್ಚಿದ ತುಂಡುಗಳನ್ನು ಆರಿಸಿ ಕತ್ತರಿಸಲು ಒಬ್ಬ ಆಳು, ಹೊರೆ ಕಾಯಿಸಿ ಒಣಗಿಸುವ ವ್ಯವಸ್ಥೆ. ಮುಖದ ಶೀಲ್ಡ್, ಅಲ್ಯೂಮಿನಿಯಂ ಲೇಪದ ಏಪ್ರನ್ ಬೇಕೇ ಬೇಕು, ಆದರೆ ಅವು ಕೊನೆಯ ಸಾಲಿನವು. ಕಬ್ಬಿಣ ಎರಕ ಹೊಯ್ಯುವುದು ಸುಮಾರು 1,400 ಡಿಗ್ರಿಯಲ್ಲಿ. ಟೆರಿಕಾಟ್ ಪ್ಯಾಂಟಿನ ಮೇಲೆ ಅದರ ಒಂದು ಹನಿ ಬಿದ್ದರೂ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಲ್ಲಿ ಹತ್ತಿ ಬಟ್ಟೆಯೇ ಆಗಬೇಕು, ಪ್ಯಾಂಟಿನ ಅಂಚು ಬೂಟಿನ ಒಳಗಲ್ಲ, ಹೊರಗಿರಬೇಕು.

ಆರನೇ ಹಂತಕ್ಕೂ ಒಂದು ಮಾತು. ಮೇಲಿನ ಗುಜರಿ ಒಂದಕ್ಕೊಂದು ಬೆಸೆದು ಮುಚ್ಚಳದಂತೆ ನಿಂತುಬಿಟ್ಟರೆ ಕೆಳಗಿನ ಲೋಹ ಮಿತಿಮೀರಿ ಕಾಯುತ್ತದೆ, ಗೋಡೆಯ ಲೈನಿಂಗ್ ತಿನ್ನುತ್ತದೆ. ಲೈನಿಂಗ್ ಆಚೆಗಿರುವುದು ನೀರು ಹರಿಯುವ ತಾಮ್ರದ ಕಾಯಿಲ್. ಮೇಲೆ ನಿಂತು ಸಲಾಕೆಯಿಂದ ಕುಟ್ಟುವ ರೂಢಿಯನ್ನು ಹಾಳೆಯ ಮೇಲೆ ಬರೆದು ನೋಡಿದಾಗಲೇ ಅದರ ಹುಚ್ಚುತನ ತಿಳಿಯುವುದು. ಮೊದಲು ಕರೆಂಟ್ ತೆಗೆಯಬೇಕು, ಜನರನ್ನು ದೂರ ಕಳಿಸಬೇಕು.

ತರಬೇತಿ ಹೇಗಿರಬೇಕು ಎಂಬುದಕ್ಕೆ ಬರುತ್ತೇನೆ. ಹೋಟೆಲ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಹಂಚಿ ಕಳಿಸುವುದರಿಂದ ಈ ವಿದ್ಯೆ ಬರುವುದಿಲ್ಲ. ಒಂದು ತಂಡಕ್ಕೆ ಹತ್ತು ಹನ್ನೆರಡು ಜನ ಸಾಕು. ಕೂತು ಕೇಳುವುದು ಒಂದು ತಾಸು, ಉಳಿದದ್ದೆಲ್ಲ ಯಂತ್ರದ ಎದುರು. ಪ್ರತಿಯೊಬ್ಬನೂ ತನ್ನ ಶಾಪ್‌ನ ಒಂದೇ ಕೆಲಸ ಆರಿಸಿಕೊಳ್ಳಲಿ. ಈ ಹಿಂದೆ ಪೆಟ್ಟಾದ ಕೆಲಸ, ಪೆಟ್ಟು ಕೂದಲೆಳೆಯಲ್ಲಿ ತಪ್ಪಿದ ಕೆಲಸ, ಹೊಸ ಯಂತ್ರದ ಕೆಲಸ, ವರ್ಷಕ್ಕೊಮ್ಮೆ ಬರುವ ರಿಪೇರಿ, ಇವು ಮೊದಲು. ಕಡೆಯದನ್ನು ಎಲ್ಲರೂ ಮರೆಯುತ್ತಾರೆ.

ಆ ಕೆಲಸಕ್ಕೆ ಒಂದು ಹಾಳೆ, ಅದರಲ್ಲಿ ಮೂರು ಕಾಲಂ: ಹಂತ, ಅಪಾಯ, ಪರಿಹಾರ. ಹಂತಗಳನ್ನು ಬರೆಯುವಾಗ ಎರಡು ಕಡೆ ಜಾರುತ್ತಾರೆ. ಕೆಲವರು ‘ಫರ್ನೆಸ್ ಕೆಲಸ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕೆಲವರು ಕೈ ಚಾಚುವುದು, ಹಿಡಿಯುವುದು, ಎತ್ತುವುದು ಎಂದು ಮೂವತ್ತು ಸಾಲು ತುಂಬುತ್ತಾರೆ. ಆರರಿಂದ ಹನ್ನೆರಡು ಹಂತ ಹದ. ಹನ್ನೆರಡು ಮೀರಿದರೆ ಅದು ಎರಡು ಕೆಲಸ, ಎರಡು ಹಾಳೆ ಮಾಡಬೇಕು. ಬರೆಯುವುದಕ್ಕಿಂತ ಮುಂಚೆ ಕೆಲಸ ನಡೆಯುವಾಗ ನಿಂತು ನೋಡಬೇಕು, ಹಗಲು ಒಮ್ಮೆ, ರಾತ್ರಿ ಪಾಳಿಯಲ್ಲಿ ಒಮ್ಮೆ. ಕೆಲಸ ಮಾಡುವವನಿಗೆ ‘ನಿನ್ನ ತಪ್ಪು ಹಿಡಿಯಲು ಬಂದಿಲ್ಲ ಮಾರಾಯ, ಕೆಲಸದ ತಪ್ಪು ಹಿಡಿಯಲು ಬಂದಿದ್ದೇನೆ’ ಎಂದು ಮೊದಲೇ ಹೇಳದಿದ್ದರೆ ಅವನು ಪುಸ್ತಕದ ಪ್ರಕಾರ ಮಾಡಿ ತೋರಿಸುತ್ತಾನೆ, ನೀವು ಹೋದ ಮೇಲೆ ತನ್ನ ಪ್ರಕಾರ ಮಾಡುತ್ತಾನೆ.

ಅಪಾಯದ ಕಾಲಂನಲ್ಲಿ ‘ಕೈ ಸಿಗಬಹುದು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಏನು ಮಾಡುವಾಗ, ಯಾವ ಭಾಗಕ್ಕೆ, ಯಾಕೆ ಎಂಬ ಮೂರೂ ಬರಬೇಕು. ಅಕ್ಕಿ ಗಿರಣಿಯಲ್ಲಿ ಬೆಲ್ಟಿಗೆ ಕೂಡಿಸಿದ ಬಕೆಟ್‌ಗಳಿಂದ ಭತ್ತ ಮೇಲಕ್ಕೆತ್ತುವ ಬಕೆಟ್ ಎಲಿವೇಟರ್ ಕಟ್ಟಿಕೊಂಡಾಗ ಬುಡದ ಬಾಗಿಲು ತೆಗೆದು ಭತ್ತ ತೋಡುತ್ತಾರೆ. ‘ಸ್ವಿಚ್ ಆಫ್ ಮಾಡಿ ತೋಡುವುದು’ ಎಂದು ಬರೆದರೆ ಪರಿಹಾರವಾಯಿತು ಎಂದುಕೊಳ್ಳುತ್ತಾರೆ. ಆಗಲಿಲ್ಲ. ಒಂದನೆಯದಾಗಿ, ಪ್ಯಾನೆಲ್ ಬೋರ್ಡ್ ಇನ್ನೊಂದು ಕೋಣೆಯಲ್ಲಿರುತ್ತದೆ, ಗಿರಣಿ ಯಾಕೆ ನಿಂತಿದೆ ಎಂದು ಬಂದವನು ಒತ್ತಿಬಿಡುತ್ತಾನೆ. ಹಾಗಾಗಿ ಮೇನ್ ಇಳಿಸಿ ಬೀಗ ಹಾಕಿ, ಕೀಲಿ ತೋಡುವವನ ಜೇಬಿನಲ್ಲಿರಬೇಕು, ಆಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ಯಂತ್ರ ತಿರುಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಎರಡನೆಯದು ಇದಕ್ಕಿಂತ ಮುಖ್ಯ. ಕರೆಂಟ್ ಇಲ್ಲದಿದ್ದರೂ ಏರುವ ಬದಿಯ ಬಕೆಟ್‌ಗಳಲ್ಲಿ ಭತ್ತ ತುಂಬಿರುತ್ತದೆ, ಇಳಿಯುವ ಬದಿಯವು ಖಾಲಿ. ಬುಡದ ಅಡಚಣೆ ತೆಗೆದೊಡನೆ ಆ ಭಾರಕ್ಕೆ ಬೆಲ್ಟ್ ಹಿಂದಕ್ಕೆ ಸರ್ರನೆ ಓಡುತ್ತದೆ. ತೋಡುವ ಕೈ ಆಗ ಬಕೆಟ್ ಮತ್ತು ಬುಡದ ತಗಡಿನ ನಡುವೆ ಇರುತ್ತದೆ. ಬೆಲ್ಟ್ ಹಿಂದೆ ಓಡದಂತೆ ತಡೆಯುವ ಬ್ಯಾಕ್‌ಸ್ಟಾಪ್ ಇದೆಯೇ, ಇಲ್ಲದಿದ್ದರೆ ಬೆಲ್ಟ್ ಅನ್ನು ಹೇಗೆ ಬಿಗಿದು ನಿಲ್ಲಿಸುವುದು ಎಂಬುದು ಹಾಳೆಯಲ್ಲಿ ಬರಬೇಕು.

ಮೂರನೇ ಕಾಲಂ ಪರಿಹಾರದ್ದು. ಇಲ್ಲಿ ‘ಜಾಗ್ರತೆ ವಹಿಸುವುದು’ ಎಂಬ ಪದ ಬಳಸಿದವನಿಗೆ ಹಾಳೆ ವಾಪಸ್ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಕೇಳಬೇಕಾದದ್ದು, ಈ ಹಂತವೇ ಇಲ್ಲದಂತೆ ಮಾಡಬಹುದೇ ಎಂದು. ಆಗದಿದ್ದರೆ ವಸ್ತು ಬದಲಿಸುವುದು, ನಂತರ ಗಾರ್ಡ್, ಹೊಗೆ ಎಳೆಯುವ ಫ್ಯಾನ್‌ನಂಥ ಏರ್ಪಾಡು, ನಂತರ ಕೆಲಸದ ನಿಯಮ, ಕಟ್ಟಕಡೆಗೆ ಕೈಗವಸು ಕನ್ನಡಕ. ಪೆಡಸ್ಟಲ್ ಗ್ರೈಂಡರ್‌ನಲ್ಲಿ ಎರಕದ ಅಂಚು ಉಜ್ಜುವಾಗ ಕನ್ನಡಕ ಹಾಕಿಸಿ ಸಮಾಧಾನಪಡುತ್ತಾರೆ. ಚಕ್ರ ಸವೆದಂತೆ, ತುಂಡನ್ನು ಆನಿಸಿ ಹಿಡಿಯುವ ಮುಂದಿನ ಟೂಲ್ ರೆಸ್ಟ್‌ಗೂ ಚಕ್ರಕ್ಕೂ ನಡುವಿನ ಸಂದಿ ಅಗಲವಾಗುತ್ತದೆ, ಸಣ್ಣ ಎರಕದ ತುಂಡು ಅದರೊಳಗೆ ಸಿಕ್ಕಿ ಚಕ್ರವೇ ಒಡೆಯುತ್ತದೆ. ಆ ಸಂದಿ 3 ಮಿಲಿಮೀಟರ್ ಮೀರಬಾರದು, ಗಾರ್ಡ್‌ನ ಮೇಲಿನ ನಾಲಿಗೆಪಟ್ಟಿ ಚಕ್ರದಿಂದ 6 ಮಿಲಿಮೀಟರ್ ಒಳಗಿರಬೇಕು, ಸರಿಪಡಿಸುವುದು ಚಕ್ರ ನಿಂತ ಮೇಲೆಯೇ. ಹೊಸ ಚಕ್ರ ಕೂರಿಸುವ ಮೊದಲು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಒಡಕಲು ಸದ್ದು ಬಂದರೆ ಎಸೆಯಬೇಕು. ಬೋಲ್ಟು ಸಡಿಲಿಸಲು ಒಂದು ಸ್ಪ್ಯಾನರ್ ಸಾಕಾಗುವ ಪರಿಹಾರಗಳಿವು.

ಅಡಿಕೆ ತೋಟದ ಕಡೆಯೂ ಇದೇ ವಿದ್ಯೆ ಬೇಕು. ಅಲ್ಲಿ ತೋಟದ ಯಜಮಾನನೇ ಮ್ಯಾನೇಜರ್. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗ ಕೊಳೆ ರೋಗದ ಔಷಧಿ ಹೊಡೆಯಲು, ಅಡಿಕೆ ಗೊನೆ ಇಳಿಸಲು ನೆಲದಲ್ಲೇ ನಿಂತು ಹಿಡಿಯುವ ಉದ್ದದ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರ ಕೊರತೆಗೆ ಅದು ವರವೇ, ಮರ ಹತ್ತುವ ಹಂತವನ್ನೇ ಅದು ತೆಗೆದುಹಾಕಿದೆ. ಆದರೆ ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಫೈಬರ್‌ನಲ್ಲಿ ಹರಿಯುವುದಿಲ್ಲ ಎಂಬ ನಂಬಿಕೆ ಅಪಾಯಕಾರಿ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಅರವತ್ತು ಅಡಿಯ ದೋಟಿ ವಾಲಿ ಬಿದ್ದರೆ ಅರವತ್ತು ಅಡಿ ದೂರದ ತಂತಿಯನ್ನೂ ಮುಟ್ಟೀತು. ಆದ್ದರಿಂದ ಔಷಧಿ ಹೊಡೆಯುವ ಮುನ್ನಾ ದಿನವೇ ಲೈನಿನ ಕೆಳಗೆ ಓಡಾಡಿ, ದೋಟಿಯ ಉದ್ದದಷ್ಟು ದೂರದೊಳಗಿರುವ ಮರಗಳಿಗೆ ಸುಣ್ಣದ ಗುರುತು ಹಾಕಬೇಕು. ಅವನ್ನು ಮೆಸ್ಕಾಂನವರಿಗೆ ಹೇಳಿ ಲೈನ್ ತೆಗೆಸಿದ ದಿನ ಮಾತ್ರ ಮುಟ್ಟಬೇಕು. ಮರದಿಂದ ಮರಕ್ಕೆ ಹೋಗುವಾಗ ದೋಟಿ ನೆಟ್ಟಗೆ ಹಿಡಿದು ನಡೆಯುವ ಅಭ್ಯಾಸ ಬಿಟ್ಟು ಕುಗ್ಗಿಸಿ ಒಯ್ಯಬೇಕು.

ಈ ಹಾಳೆಗಳು ಎಲ್ಲಿ ಕೆಡುತ್ತವೆ ಎಂದರೆ ಆಫೀಸಿನಲ್ಲಿ. ಇನ್ನೊಂದು ಕಾರ್ಖಾನೆಯ ಇಂಗ್ಲಿಷ್ ಫಾರಂ ತಂದು ಹೆಸರು ಬದಲಿಸಿ ಆಡಿಟ್‌ಗೆ ಫೈಲ್ ಮಾಡಿಡುತ್ತಾರೆ. ಕನ್ನಡದಲ್ಲಿ, ಒಂದೇ ಪುಟದಲ್ಲಿ ಬರೆದು ಯಂತ್ರದ ಪಕ್ಕ ತೂಗುಹಾಕಿದ್ದು ಮಾತ್ರ ಬಳಕೆಗೆ ಬರುತ್ತದೆ. ಹೊರ ರಾಜ್ಯದ ಹುಡುಗರಿದ್ದರೆ ಅವರ ಭಾಷೆಯಲ್ಲಿ ಓದಿ ಹೇಳಿ, ಅವರಿಂದ ಮಾಡಿಸಿ ನೋಡಬೇಕು. ಯಂತ್ರ ಬದಲಾದರೆ, ಕಚ್ಚಾ ಮಾಲು ಬದಲಾದರೆ, ಪೆಟ್ಟಾದರೆ ಅಥವಾ ತಪ್ಪಿದರೆ ಹಾಳೆ ಮತ್ತೆ ತೆರೆಯಬೇಕು.

ಮಾಲೀಕರನ್ನೂ ಅರ್ಧ ದಿನ ಕೂರಿಸದಿದ್ದರೆ ಸೂಪರ್‌ವೈಸರ್‌ಗೆ ಕಲಿಸಿದ್ದು ದಂಡ. ಗುಜರಿಗೆ ಮಾಡು ಹಾಕಿಸುವ ದುಡ್ಡು ಅವರ ಕೈಯಲ್ಲಿದೆ, ಕೆಲಸ ನಿಲ್ಲಿಸು ಎನ್ನುವ ಅಧಿಕಾರ ಕೊಡಬೇಕಾದವರೂ ಅವರೇ. ಹಿಂದಿನ ಕಾರ್ಖಾನೆ ಕಾಯ್ದೆಯ 7ಎ ಸೆಕ್ಷನ್ ಕೂಡ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಒದಗಿಸುವ ಹೊಣೆಯನ್ನು ಹೊರಿಸಿದ್ದು ಕಾರ್ಖಾನೆ ನಡೆಸುವವರ ಮೇಲೆ, ಸೂಪರ್‌ವೈಸರ್ ಮೇಲಲ್ಲ.

ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ, ಜಿಲ್ಲಾ ಕೈಗಾರಿಕಾ ಕೇಂದ್ರ, ಇಲ್ಲಿನ ಉದ್ಯಮಿಗಳ ಸಂಘಟನೆಗಳು ಸೇರಿ ಸುರಕ್ಷತಾ ಸಪ್ತಾಹದ ಖರ್ಚಿನ ಒಂದು ಪಾಲನ್ನು ಈ ತರಬೇತಿಗೆ ತಿರುಗಿಸಲಿ. ಮೊದಲ ತಂಡ ಫೌಂಡ್ರಿ ಸೂಪರ್‌ವೈಸರ್‌ಗಳದಾಗಲಿ, ಏಪ್ರಿಲ್‌ನಲ್ಲೇ ನಡೆಯಲಿ. ತಿಂಗಳ ನಂತರ ಬೇರೆ ಘಟಕದ ಸೂಪರ್‌ವೈಸರ್ ಒಬ್ಬರು ಹಾಳೆ ಹಿಡಿದು ಬಂದು, ನಡೆಯುತ್ತಿರುವ ಕೆಲಸದ ಪಕ್ಕ ನಿಂತು ಸಾಲು ಸಾಲಾಗಿ ಹೋಲಿಸಿ ನೋಡಲಿ. ಸರ್ಟಿಫಿಕೇಟ್ ಆಮೇಲೆ ಕೊಟ್ಟರಾಯಿತು. ಮೇ ಮುಗಿಯುವುದರೊಳಗೆ ಗುಜರಿ ಅಂಗಳಗಳಿಗೆ ಮಾಡು ಬಂದಿದೆಯೇ ಎಂಬುದನ್ನು ಇಲಾಖೆಯ ಅಧಿಕಾರಿಗಳು ಬಂದು ನೋಡಿದರೆ ತರಬೇತಿಯ ಫಲಿತಾಂಶ ಅಲ್ಲೇ ಸಿಗುತ್ತದೆ.

ಇಂತಿ,
ಕೈಗಾರಿಕಾ ಸುರಕ್ಷತಾ ತರಬೇತುದಾರ, ಶಿವಮೊಗ್ಗ