ಹಸಿವಾಗುವವನು ದೇವರಾಗ್ತಾನಾ?

ಪ್ರೀತಿಯ ಗೆಳೆಯಾ,

ಇವತ್ತು ಬುಧವಾರ. ಮುಂಬಯಿಯ ಮಾಹಿಮಿನ ಸೇಂಟ್ ಮೈಕಲ್ ಚರ್ಚಿನಲ್ಲಿ ನೊವೆನಾ ಪ್ರಾರ್ಥನೆ ಮುಗಿಸಿ ಹೊರಗೆ ಬಂದೆ. ಬುರ್ಖಾ ಹಾಕಿದ ಒಬ್ಬ ಹೆಂಗಸು ಮೇಣದ ಬತ್ತಿ ಕೊಳ್ಳುತ್ತಿದ್ದಳು. ಇದು ಯಾರಿಗೆ ಎಂದು ಅವಳ ಮಗ ಕೇಳಿದ. "ಬೀಬಿ ಮರಿಯಮ್‌ಗೆ" ಎಂದಳು. ಯೇಸುವಿನ ಬಗ್ಗೆ ನೀನು ಕೇಳಿದ ಪ್ರಶ್ನೆ, ನಿನ್ನ ಹಳೇ ಬಾಕಿ, ನೆನಪಾಯಿತು.

ನಾವಿಬ್ಬರೂ ಫೋರ್ಟಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕಾಲ. ರಂಜಾನ್ ತಿಂಗಳು. ನೀನು ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದೆ ಕಂಡವರಿಗೆಲ್ಲ ಇಡ್ಲಿ ಸಾಂಬಾರ್ ಕೊಡುತ್ತಿದ್ದೆ. ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಖರ್ಜೂರ ಬಾಯಿಗೆ ಹಾಕಿಕೊಂಡವನು, ಬೀಜ ಉಗುಳುವ ಮೊದಲೇ ಕೇಳಿದೆ: "ಪೊರ್ಬುಗಳೇ, ಒಂದು ಹೇಳಿ. ಹಸಿವಾಗುವವನು ದೇವರಾಗ್ತಾನಾ?" ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಸಿಟ್ಟು ಬಂತು. "ಮೊದಲು ಆರನೇ ಟೇಬಲ್ ಒರೆಸು" ಎಂದು ಎದ್ದು ಹೋದೆ.

ಆಮೇಲೆ ನೀನು ಪುಣೆಗೆ ಹೋದೆ. ಪ್ರಶ್ನೆ ಇಲ್ಲೇ ಉಳಿಯಿತು. ಇಷ್ಟು ವರ್ಷದಲ್ಲಿ ನಿಮ್ಮದನ್ನೂ ಓದಿದೆ, ನಮ್ಮದನ್ನೂ ಓದಿದೆ. ನಮ್ಮದು ಇನ್ನೂ ಕಷ್ಟ, ಮಾರಾಯ.

ನಿನ್ನ ಪ್ರಶ್ನೆ ಎಲ್ಲಿಂದ ಬಂತೆಂದು ಈಗ ಗೊತ್ತು. ಕುರಾನಿನ ಐದನೇ ಅಧ್ಯಾಯ, 75ನೇ ವಚನ. ಮರಿಯಮಳ ಮಗ ಮಸೀಹ, ಅಂದರೆ ನಮ್ಮ ಯೇಸು, ಒಬ್ಬ ದೂತ ಮಾತ್ರ, ಅವನಿಗಿಂತ ಮುಂಚೆಯೂ ದೂತರು ಬಂದು ಹೋಗಿದ್ದಾರೆ, ಅವನ ತಾಯಿ ಸತ್ಯವಂತೆ, ಇಬ್ಬರೂ ಊಟ ಮಾಡುತ್ತಿದ್ದರು. ಇಷ್ಟೇ ಇರುವುದು. ಊಟ ಬೇಕಾದವನು ಇನ್ನೊಬ್ಬರ ಹಂಗಿನಲ್ಲಿರುತ್ತಾನೆ, ದೇವರಿಗೆ ಯಾರ ಹಂಗೂ ಇಲ್ಲ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತಮಾಷೆ ನೋಡು, ಆ ಅಧ್ಯಾಯದ ಹೆಸರೇ ಅಲ್-ಮಾಯಿದಾ, ಊಟ ಬಡಿಸಿದ ಮೇಜು. ಆಕಾಶದಿಂದ ಅಂಥ ಮೇಜೊಂದನ್ನು ಇಳಿಸಲು ನಿನ್ನ ದೇವರಿಂದ ಆಗುತ್ತದಾ ಎಂದು ಶಿಷ್ಯರು ಕೇಳುತ್ತಾರೆ. ಈಸಾ ನಬಿ (ಯೇಸುವಿಗೆ ನಿಮ್ಮ ಹೆಸರು) ಬೇಡಿಕೊಳ್ಳುತ್ತಾರೆ. ಇಳಿಸುತ್ತೇನೆ ಎಂದು ದೇವರು ಹೇಳುತ್ತಾನೆ. ಅಲ್ಲೂ ಅವರು ಬೇಡುವವರು, ಕೊಡುವವನು ಅಲ್ಲಾಹ್.

ನಾನು ಬರೆದದ್ದನ್ನು ಗಮನಿಸಿದೆಯಾ? ಈಸಾ ನಬಿ 'ಅವರು', ಅಲ್ಲಾಹ್ 'ಅವನು'. ನಮ್ಮ ಕಡೆ ದೊಡ್ಡ ಮನುಷ್ಯರಿಗೆ ಬಹುವಚನ, ದೇವರಿಗೆ ಏಕವಚನ. ನಾನು ಕೊಂಕಣಿಯಲ್ಲಿ ಜೆಜುವಿಗೆ, ಅಂದರೆ ಯೇಸುವಿಗೆ, 'ತುಂ' (ನೀನು) ಎಂದೇ ಪ್ರಾರ್ಥನೆ ಮಾಡುವುದು. ನೀನು ಅವರಿಗೆ ಕೊಡುವ ಗೌರವ ಜಾಸ್ತಿಯೇ, ಹೆಸರು ಹೇಳಿದಾಗೆಲ್ಲ ಸಲಾಂ ಸೇರಿಸುತ್ತೀ. ನನಗೆ ಅವನು ಗೌರವ ಕೊಟ್ಟು ದೂರ ನಿಲ್ಲಿಸುವವನಲ್ಲ.

ಖರ್ಜೂರದ ಕತೆಯನ್ನು ಮೊದಲು ಹೇಳಿದವನು ನೀನೇ. ನಮ್ಮ ಕ್ರಿಸ್ಮಸ್ ಗೋದಲಿಯಲ್ಲಿ ಹಸು, ಕುರಿ, ಪಕ್ಕದಲ್ಲಿ ಜೋಸೆಫ್. ನಿಮ್ಮ 19ನೇ ಅಧ್ಯಾಯದಲ್ಲಿ ಮರಿಯಮ್ ಒಬ್ಬಳೇ. ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ಮರ ಅಲುಗಿಸು ಎಂದು ದನಿಯೊಂದು ಕೇಳುತ್ತದೆ, ಹಣ್ಣು ಉದುರುತ್ತದೆ. ಓದುವಾಗ ನನ್ನ ಅಮ್ಮ ನೆನಪಾದಳು. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿದ ಹೆಣ್ಣು ಮರಿಯಮ್ ಒಬ್ಬಳೇ. ಅವಳ ಮಗನಿಗೆ ಮನುಷ್ಯ ತಂದೆ ಇಲ್ಲ ಎಂದು ನೀವೂ ನಂಬುತ್ತೀರಿ. ಆದರೆ ಆದಮನಿಗೆ ತಾಯಿಯೂ ಇರಲಿಲ್ಲ, ದೇವರು 'ಆಗು' ಎಂದ, ಅವನಾದ, ಈಸಾ ಕೂಡ ಹಾಗೆಯೇ ಎನ್ನುತ್ತದೆ ಕುರಾನ್. ಇದನ್ನು ನಾನು ಎದುರು ಹಾಕಿಕೊಳ್ಳುವುದಿಲ್ಲ. ಕನ್ಯೆಯ ಮಗ ಎಂಬ ಒಂದೇ ಕಾರಣಕ್ಕೆ ನಾವೂ ಅವನನ್ನು ದೇವರೆನ್ನುವುದಿಲ್ಲ.

ನಿನ್ನ ಮೇಲೆ ಒಂದು ದೂರಿದೆ. ತಂದೆ, ತಾಯಿ, ಮಗ ಸೇರಿ ನಿಮಗೆ ಮೂರು ದೇವರು ಎಂದು ಒಮ್ಮೆ ಹೇಳಿದ್ದೆ. ಮರಿಯಮ್ಮ ದೇವರಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬಾಂದ್ರಾದ ಮೌಂಟ್ ಮೇರಿ ಗುಡ್ಡದಲ್ಲಿ ಜನ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಹಿಡಿದು ನಿಲ್ಲುವುದನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸೀತು, ಒಪ್ಪುತ್ತೇನೆ. ಮಗ ಎಂದರೂ ದೇವರು ಸಂಸಾರ ಮಾಡಿ ಹುಟ್ಟಿಸಿದ ಮಗ ಅಲ್ಲ. ಅಂಥ ಮಗನನ್ನು ನೀನು ಬೇಡ ಎಂದರೆ ನಾನೂ ಬೇಡ ಎನ್ನುತ್ತೇನೆ. ಆಮೇಲೂ ಜಗಳ ಉಳಿಯುತ್ತದೆ, ಅದು ಬೇರೆ. ಕುರಾನಿನಲ್ಲಿ ಈಸಾರನ್ನು ದೇವರ 'ಕಲಿಮಾ', ಅಂದರೆ ವಾಕ್ಯ, ಎಂದಿದೆ, ನಮ್ಮ ಬೈಬಲಿನ ಯೊವಾನ್ನನ ಶುಭಸಂದೇಶ ಶುರುವಾಗುವುದೂ ದೇವರ ವಾಕ್ಯದಿಂದಲೇ, ಎರಡೂ ಒಂದೇ ಎಂದು ಖುಷಿಪಡುವ ನಮ್ಮವರಿದ್ದಾರೆ. ಅವರು ಆ ವಚನವನ್ನು ಪೂರ್ತಿ ಓದಿಲ್ಲ. 'ಮೂರು' ಎನ್ನಬೇಡಿ ಎಂದಿರುವುದು ಅದೇ ವಚನದಲ್ಲಿ.

ನಮ್ಮೊಳಗೂ ಇದಕ್ಕೆ ಬೇಕಾದಷ್ಟು ಹೊಡೆದಾಟವಾಗಿದೆ. ಅಲೆಕ್ಸಾಂಡ್ರಿಯಾದ ಅರಿಯಸ್ ಎಂಬ ಪಾದ್ರಿ, ಮಗನೂ ಸೃಷ್ಟಿಯಾದವನೇ, ಅವನು ಇಲ್ಲದ ಹೊತ್ತೊಂದಿತ್ತು ಎಂದ. 325ರಲ್ಲಿ ನೈಸೀಯದಲ್ಲಿ, ಅಂದರೆ ಈಗಿನ ತುರ್ಕಿಯ ಇಜ್ನಿಕ್‌ನಲ್ಲಿ, ಬಿಷಪರು ಸೇರಿ ಅದನ್ನು ತಳ್ಳಿಹಾಕಿದರು. ಅರಿಯಸ್ ನಿಮ್ಮವನೇ ಎಂದು ಹಿಗ್ಗಬೇಡ. ಮಗ ಲೋಕಕ್ಕಿಂತ ಮೊದಲೇ ಇದ್ದ, ಲೋಕ ಆದದ್ದೇ ಅವನಿಂದ ಎನ್ನುವವನು ಅವನು. ನಿನಗೆ ಅದೂ ಆಗದು. ಮುಂದೆ 451ರಲ್ಲಿ ಕಾಲ್ಸಿಡನ್ ಸಭೆ ಹೇಳಿತು: ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡೂ ಬೆರಕೆಯಾಗಿಲ್ಲ, ಬೇರೆಯೂ ಆಗಿಲ್ಲ. ಹಾಲು ನೀರಿನ ಹಾಗೆ ಅಲ್ಲ. ಹಳೆಯ ಪಂಡಿತರು ಕಾದ ಕಬ್ಬಿಣದ ಹೋಲಿಕೆ ಕೊಡುತ್ತಿದ್ದರು. ನಮಗೆ ದೋಸೆ ಕಾವಲಿ ಇದೆಯಲ್ಲ. ಬೆಂಕಿ ಪೂರ್ತಿ ಇಳಿದಿದೆ, ಕಬ್ಬಿಣ ಕಬ್ಬಿಣವಾಗಿಯೇ ಇದೆ. ಕಾವಲಿ ಆರಿದ ಮೇಲೆ ಏನು ಎಂದು ನೀನು ಕೇಳುತ್ತೀ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ, ಬಿಡು.

ಆ 'ಪೂರ್ತಿ ಮನುಷ್ಯ' ಅನ್ನುವುದನ್ನು ನಾವೇ ಮರೆಯುತ್ತೇವೆ. ನಡೆದು ಸುಸ್ತಾಗಿ ಬಾವಿಯ ಹತ್ತಿರ ಕೂತು, ಗುರುತಿಲ್ಲದ ಹೆಂಗಸಿನ ಹತ್ತಿರ ನೀರು ಕೇಳಿದ. ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಹೋದ, ಬಿರುಗಾಳಿಗೂ ಎಚ್ಚರವಾಗಲಿಲ್ಲ. ಗೆಳೆಯ ಸತ್ತಾಗ ಅತ್ತ. ನಲವತ್ತು ದಿನ ಉಪವಾಸ ಮಾಡಿದ ಮೇಲೆ ಅವನಿಗೆ ಹಸಿವಾಯಿತು ಎಂದು ಮತ್ತಾಯ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಅಂದರೆ ನನ್ನ ಉತ್ತರ: ಹೌದು, ಹಸಿವಾಯಿತು. ನಿನಗೆ ಅವರು ದೇವರಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ನಾನು ಅವನನ್ನು ಹಿಡಿದುಕೊಂಡಿರುವುದೂ ಅದಕ್ಕೇ. ಹದಿನಾಲ್ಕನೇ ವಯಸ್ಸಿನಲ್ಲಿ ಈ ಊರಿಗೆ ಬಂದು, ರಾತ್ರಿ ಹೋಟೆಲಿನ ಬೆಂಚಿನ ಮೇಲೆ ಮಲಗಿ, ಅಮ್ಮ ಬೇಕು ಎಂದು ಅಳುವಾಗ ಹಸಿವು ಉಂಡು ಗೊತ್ತಿರುವ ದೇವರು ನನಗೆ ಬೇಕಿತ್ತು. ನೀನೂ ಅದೇ ಬೆಂಚಿನಲ್ಲೇ ಮಲಗಿದವನು. ಹಸಿವು ಹುಟ್ಟಿಸಿದವನಿಗೆ ಹಸಿವು ಗೊತ್ತಿಲ್ವಾ, ಅದಕ್ಕೆ ಅವನೇ ಬಂದು ಉಪವಾಸ ಬೀಳಬೇಕಾ ಎಂದು ಕೇಳಿದರೆ, ಅದೂ ಸರಿಯಾದ ಪ್ರಶ್ನೆಯೇ.

ಶಿಲುಬೆಯಲ್ಲಿ ಮಾತ್ರ ದಾರಿ ಪೂರ್ತಿ ಒಡೆಯುತ್ತದೆ. ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ, ಜನರಿಗೆ ಹಾಗೆ ಕಂಡಿತು ಅಷ್ಟೇ ಎನ್ನುತ್ತದೆ ಕುರಾನ್. ನನ್ನ ನಂಬಿಕೆಯಿಂದ ಶಿಲುಬೆ ತೆಗೆದರೆ ಉಳಿಯುವುದು ಏನೂ ಇಲ್ಲ. ಮೊದಲು ನಾನು ನಿಮ್ಮ ಈ ಮಾತನ್ನು ಬರೀ ಹಟ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ತನ್ನ ನಬಿಯನ್ನು ಬೆತ್ತಲೆ ಮಾಡಿ, ಉಗಿದು, ಮರಕ್ಕೆ ಜಡಿಯಲು ದೇವರು ಬಿಡುತ್ತಾನಾ ಎಂಬ ಸಂಕಟ ಅದರಲ್ಲಿದೆ. ಆದರೆ ಇದರಲ್ಲಿ ಇಬ್ಬರೂ ಸರಿ ಆಗಲು ಬರುವುದಿಲ್ಲ. ಒಂದೋ ಅವನು ಅಲ್ಲಿ ಸತ್ತ, ಇಲ್ಲವೇ ಸಾಯಲಿಲ್ಲ. 'ಎಲ್ಲ ಧರ್ಮವೂ ಒಂದೇ' ಎಂದು ನಮ್ಮಿಬ್ಬರ ಬೆನ್ನು ತಟ್ಟುತ್ತಿದ್ದ ಗಲ್ಲಾದ ಅಣ್ಣ ಒಳ್ಳೆಯವನೇ, ಆದರೆ ಎರಡೂ ಪುಸ್ತಕ ಮುಟ್ಟಿದವನಲ್ಲ.

ಡಿಸೆಂಬರಿನಲ್ಲಿ ಮಾಹಿಮ್ ಜಾತ್ರೆಗೆ ಬಾ. ಮಖ್ದೂಮ್ ಬಾಬಾ ದರ್ಗಾಕ್ಕೆ ಪೊಲೀಸರು ಮೊದಲ ಸಂದಲ್, ಅಂದರೆ ಗಂಧದ ಕಾಣಿಕೆ, ತರುವುದನ್ನು ನೋಡಿ ನಿನಗೂ ತುಂಬಾ ವರ್ಷವಾಯಿತು. ಬುಧವಾರ ಬಂದರೆ ಇನ್ನೂ ಒಳ್ಳೆಯದು, ನನ್ನ ನೊವೆನಾ ಮುಗಿಯುವವರೆಗೆ ಹೊರಗೆ ಚಹಾ ಕುಡಿಯುತ್ತಾ ಇರು. ಬರುವ ಮೊದಲು ಲೂಕನ ಶುಭಸಂದೇಶದ ಕೊನೆಯ ಅಧ್ಯಾಯ ಓದು. ಸತ್ತು ಎದ್ದು ಬಂದವನನ್ನು ನೋಡಿ ಭೂತವೆಂದು ಶಿಷ್ಯರು ಹೆದರುತ್ತಾರೆ. ಅವನು ಕೇಳುವುದು, ತಿನ್ನಲು ಏನಾದರೂ ಇದೆಯಾ ಎಂದು. ಅವರು ಸುಟ್ಟ ಮೀನಿನ ತುಂಡು ಕೊಡುತ್ತಾರೆ, ಅವನು ಎಲ್ಲರೆದುರೇ ತಿನ್ನುತ್ತಾನೆ. ನೀನು ಏನು ಹೇಳುತ್ತೀ ಎಂದು ನನಗೆ ಈಗಲೇ ಕೇಳಿಸುತ್ತಿದೆ: "ನೋಡಿದ್ರಾ ಪೊರ್ಬುಗಳೇ, ಮತ್ತೆ ಊಟ!"

ನಿನ್ನ,
ಪೊರ್ಬು