ಗುಂಡಿ ತೋಡಿಸುವ ಮೊದಲು ಮಣ್ಣು ನೋಡಿ

ಗ್ರಾಮೀಣ ನೈರ್ಮಲ್ಯದ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಶೌಚದ ನೀರು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು, ಬಾವಿಯಿಂದ ಎಷ್ಟು ದೂರ ಇರಬೇಕು ಎಂಬ ನಿಯಮಗಳನ್ನು ತಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತಿದ್ದೇವೆ. ಬಡವರ ಹಿತ್ತಲುಗಳಲ್ಲಿ ವರ್ಷಗಳಿಂದ ಒಂದೇ ತಪ್ಪು ನಡೆದುಕೊಂಡು ಬಂದಿದೆ. ಕೊಳೆನೀರು ನೆಲಕ್ಕೆ ಇಳಿಯಲೆಂದು ತೋಡುವ ಇಂಗುಗುಂಡಿಗೆ ಮರಳುಮಣ್ಣಿನಲ್ಲೂ ಅದೇ ನಕ್ಷೆ, ಜಿಗುಟು ಜೇಡಿಯಲ್ಲೂ ಅದೇ ನಕ್ಷೆ. ನಾವು ಕೇಳುವುದು ಇಷ್ಟೇ: ಗುಂಡಿ ತೋಡಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ನೀರು ಶುದ್ಧವಾಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಅಲ್ಲಿ ಹೂಳು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಟಿ ಆಕಾರದ ಪೈಪಿನಿಂದ ಹೊರಬಿದ್ದು ಇಂಗುಗುಂಡಿಗೆ ಹೋಗುತ್ತದೆ. ಆ ನೀರಿನಲ್ಲಿ ರೋಗಾಣುಗಳು ಇನ್ನೂ ಇರುತ್ತವೆ. ಅವನ್ನು ತಡೆಯುವುದು ಗಾಳಿಯಾಡುವ ಮಣ್ಣು. ಜೇಡಿಯಲ್ಲಿ ನೀರು ಇಂಗುವುದು ತೀರಾ ನಿಧಾನ, ಅಂತರ್ಜಲ ಮೇಲಿರುವ ಕಡೆ ಸೋಸುವಷ್ಟು ಒಣಮಣ್ಣೇ ಇರುವುದಿಲ್ಲ. ಹೂಳು ತೆಗೆಸದೆ ಬಿಟ್ಟರಂತೂ ಅದು ಕೊಚ್ಚಿಕೊಂಡು ಬಂದು, ಚೆನ್ನಾಗಿ ಇಂಗುತ್ತಿದ್ದ ಗುಂಡಿಯ ರಂಧ್ರಗಳನ್ನೂ ಮುಚ್ಚಿಬಿಡುತ್ತದೆ.

ಮಳೆ ಹಿಡಿದಾಗ ಇಂಥ ಗುಂಡಿ ಇರುವ ಮನೆಯ ಹಿಂದೆ ಹೋಗಿ ನೋಡಿ. ಗುಂಡಿ ತುಂಬಿ, ಬೂದುಬಣ್ಣದ ನೀರು ಸೋಪಿನ ಕೆನೆ ಕಟ್ಟಿಕೊಂಡು ನಿಂತಿರುತ್ತದೆ. ಪಕ್ಕದ ಕೆಸರಿನಲ್ಲಿ ಮಗುವಿನ ಬರಿಗಾಲ ಗುರುತು. ಕೊಕ್ಕೆಹುಳುವಿನ ಮರಿಗೆ ಅಷ್ಟು ಸಾಕು. ಮಲದಲ್ಲಿನ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಐದರಿಂದ ಹತ್ತು ದಿನದಲ್ಲಿ ಮರಿ ಚರ್ಮ ತೂರುವಷ್ಟು ಬಲಿಯುತ್ತದೆ. ರಕ್ತದ ಮೂಲಕ ಶ್ವಾಸಕೋಶ, ಅಲ್ಲಿಂದ ಗಂಟಲು, ಕೊನೆಗೆ ಸಣ್ಣಕರುಳು. ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ. ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಹಿತ್ತಲಿನ ಹುಳುವನ್ನಲ್ಲ. ಮಾತ್ರೆ ನುಂಗಿದ ಮಗು ಮತ್ತೆ ಅದೇ ಕೆಸರು ತುಳಿಯುತ್ತದೆ.

ನೀರು ಹಿಂದಕ್ಕೆ ಒತ್ತಿ ಬಚ್ಚಲಲ್ಲೇ ಉಕ್ಕುವ ಮನೆಯವರಿಗೆ, ಕೊಳಚೆ ಹೊರಬಿಡುತ್ತಿದ್ದೀರಿ ಎಂದು ನೋಟಿಸು ಕೊಡುವುದೂ ಉಂಟು. ನಕ್ಷೆ ಅವರದಲ್ಲ, ಜಾಗ ತೋರಿಸಿದವರು ಅವರಲ್ಲ, ದಂಡ ಮಾತ್ರ ಅವರ ತಲೆಗೆ. ಇದು ಅನ್ಯಾಯ ಸ್ವಾಮೀ. ಇದಕ್ಕಿಂತ ಮೆತ್ತಗಿನ ಮಾತು ನಮಗೆ ಸಿಗುತ್ತಿಲ್ಲ.

ಪರೀಕ್ಷೆಗೆ ಬೇಕಾಗುವುದು ಗುದ್ದಲಿ, ಅಳತೆಪಟ್ಟಿ, ಗಡಿಯಾರ. ನೀರು ಇಂಗಬೇಕಾದ ಆಳಕ್ಕೆ 30 ಸೆಂ.ಮೀ. ಅಗಲದ ಕುಳಿ ತೋಡಿ. ಗುದ್ದಲಿ ತಿಕ್ಕಿ ನುಣುಪಾದ ಗೋಡೆಯನ್ನು ಕೆರೆದು ಒರಟು ಮಾಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ರಾತ್ರಿಯಿಡೀ ನೀರು ತುಂಬಿಡಿ. ಒಣಜೇಡಿ ಮೊದಲು ಬೇಗ ಕುಡಿದು ಮೋಸ ಮಾಡುತ್ತದೆ, ಅದು ಉಬ್ಬಿದ ಮೇಲೆಯೇ ನಿಜ ತಿಳಿಯುವುದು. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ ಇಳಿತ ಅಳೆಯಿರಿ. 2.5 ಸೆಂ.ಮೀ. ಇಳಿಯಲು ಒಂದು ಗಂಟೆಗೂ ಹೆಚ್ಚು ಹಿಡಿದರೆ ಅಲ್ಲಿ ಮಾಮೂಲಿ ಇಂಗುಗುಂಡಿ ಬೇಡ. ನೆಲದ ಮೇಲೆ ಮರಳಿನ ದಿಬ್ಬ ಎತ್ತಿ ಸೋಸಬೇಕು, ಅಥವಾ ಹತ್ತಾರು ಮನೆಗಳ ನೀರನ್ನು ಸಣ್ಣ ಪೈಪಿನಲ್ಲಿ ಒಂದೆಡೆ ತಂದು ಸಂಸ್ಕರಿಸಬೇಕು. ಖರ್ಚು ಹೆಚ್ಚು, ನಿಜ. ಬಡ ಕುಟುಂಬ ಅದನ್ನು ಹೊರಲಾರದು, ಸರ್ಕಾರವೇ ಹೊರಬೇಕು.

ಮಂಜೂರಾತಿ ನಮೂನೆಯಲ್ಲಿ ಒಂದು ಅಂಕಣ ಸೇರಿಸಿ: ನೀರು ಇಂಗುವ ವೇಗ ಎಷ್ಟು, ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಆಳದಲ್ಲಿದೆ. ಆ ಅಂಕಣ ಖಾಲಿ ಇದ್ದರೆ ಬಿಲ್ಲು ಪಾಸು ಮಾಡಬೇಡಿ. ಈಗಾಗಲೇ ಕೈಕೊಟ್ಟ ಗುಂಡಿಗಳ ಮನೆಗಳಿಗೆ ಕೊಟ್ಟ ನೋಟಿಸು ಹಿಂಪಡೆಯಿರಿ. ಮುಂದಿನ ಗುಂಡಿ ತೋಡಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಇಂತಿ,
ಹಳ್ಳಿಗಳ ನೈರ್ಮಲ್ಯಕ್ಕಾಗಿ ದುಡಿಯುವವರು